ಕಾವಿನ ಕೋಣೆಯಲ್ಲಿ ಯಾರೂ ಇರಲಿಲ್ಲ

ಕಾವಿನ ಕೋಣೆಗೆ ಕಿಟಕಿ ಇರಲಿಲ್ಲ, ಫ್ಯಾನೂ ಇರಲಿಲ್ಲ. ಫ್ಯಾನ್ ಹಾಕಿದರೆ ಗಾಳಿಗೆ ಪ್ಲಾಸ್ಟಿಕ್ಕಿನ ಅಳತೆ ಕೆಡುತ್ತದೆ ಎಂದು ಮ್ಯಾನೇಜರ್ ಮಾ ದೋಕ್‌ಸು ಮೊದಲ ದಿನವೇ ಹೇಳಿದ್ದ. ಫ್ಯಾನ್ ಇಲ್ಲದಿದ್ದರೆ ಹೆಂಗಸರದ್ದು ಏನು ಕೆಡುತ್ತದೆ ಎಂದು ಅವನು ಹೇಳಲಿಲ್ಲ, ಇವರೂ ಕೇಳಲಿಲ್ಲ.

ಕಾರ್ಖಾನೆ ಇದ್ದದ್ದು ಸಿಹ್ವಾದಲ್ಲಿ. ಕೊರಿಯಾದ ಅರ್ಧ ಮನೆಗಳ ಅನ್ನದ ಕುಕ್ಕರಿಗೆ ನಮ್ಮದೇ ಮುಚ್ಚಳ ಎಂದು ಮಾಲೀಕರು ಕುಡಿದಾಗಲೆಲ್ಲ ಹೇಳಿಕೊಳ್ಳುತ್ತಿದ್ದರು. ಈಗ ಅವರು ಹೊಸ ಮಿಶ್ರಣವೊಂದನ್ನು ಕಂಡುಹಿಡಿದಿದ್ದರು. ಎಷ್ಟು ಕಾವು ಕೊಟ್ಟರೂ ಬಾಗದ ಪ್ಲಾಸ್ಟಿಕ್ಕು. ಅದಕ್ಕೆ ಪೇಟೆಂಟ್ ಬೇಕೆಂದು ಅರ್ಜಿ ಹಾಕಿದ್ದರು. ಪೇಟೆಂಟ್ ಕಚೇರಿಯ ಪರೀಕ್ಷಕ ತಕರಾರು ತೆಗೆದಿದ್ದ. ಪ್ಲಾಸ್ಟಿಕ್ಕಿಗೆ ಗಾಜಿನ ನೂಲು, ಕಲ್ಲಿನ ಪುಡಿ ಬೆರೆಸಿದರೆ ಕಾವು ತಡೆಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ನಿಮ್ಮದರಲ್ಲಿ ಹೆಚ್ಚಿನದೇನಿದೆ, ಪರೀಕ್ಷೆ ಮಾಡಿ ತೋರಿಸಿ ಎಂದು ಗಡುವು ಹಾಕಿ ಬರೆದಿದ್ದ.

ತೋರಿಸುವ ಕೆಲಸ ಪ್ಯೋ ಮಲ್ಸುನ್ ಮತ್ತು ಓಕ್‌ಬುನ್ ಪಾಲಿಗೆ ಬಂತು. ಇಬ್ಬರೂ ಮುಚ್ಚಳದ ಅಂಚು ಕೆರೆಯುವ ಕೆಲಸದವರು. ಮಲ್ಸುನ್‌ಗೆ ಅರವತ್ತು ಹತ್ತಿರವಾಗಿತ್ತು, ಓಕ್‌ಬುನ್ ಅವಳಿಗಿಂತ ಚಿಕ್ಕವಳು. ಗೋಡೆಗೆ ಒತ್ತಿಕೊಂಡು ಆಳೆತ್ತರದ ಓವನ್‌ಗಳು ನಿಂತಿದ್ದವು. ಅವುಗಳ ಹೊಟ್ಟೆಯಲ್ಲಿ ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿಗಳು, ತುದಿಗೆ ಕಬ್ಬಿಣದ ಭಾರ ತೂಗಿಸಿಕೊಂಡು, ಬೆಳಗಿನಿಂದ ಸಂಜೆವರೆಗೆ ಬೇಯುತ್ತಿದ್ದವು. ಗಂಟೆಗೊಮ್ಮೆ ಬಾಗಿಲು ತೆರೆಯಬೇಕು. ಮುಖ ಒಳಗೆ ಹಾಕಬೇಕು. ಪಟ್ಟಿ ಎಷ್ಟು ಬಾಗಿದೆ ಎಂದು ನೋಡಿ ಬರೆಯಬೇಕು. ಒಂದು ಓವನ್ ಮುಗಿಯುವಷ್ಟರಲ್ಲಿ ಇನ್ನೊಂದರ ಸರದಿ ಬಂದಿರುತ್ತಿತ್ತು.

"ಅಕ್ಕಾ, ಈ ಪ್ಲಾಸ್ಟಿಕ್ಕಿನ ಅದೃಷ್ಟ ನೋಡು," ಎಂದಿದ್ದಳು ಓಕ್‌ಬುನ್, ಕೊರಳಿನ ಟವೆಲ್ ಹಿಂಡುತ್ತ. "ಅದು ಸ್ವಲ್ಪ ಬಾಗಿದ್ರೂ ಬರ್ಕೊಳ್ಳೋಕೆ ಇಬ್ಬರಿದೀವಿ."

"ನಾವು ಬಾಗಿದ್ರೆ?"

"ನಾವು ಬಾಗಿದ್ರೆ ಬೇರೆ ಇಬ್ಬರನ್ನ ತರ್ತಾರೆ."

ಜುಲೈ ತಿಂಗಳ ಜಡಿಮಳೆಯ ದಿನ ಓಕ್‌ಬುನ್ ಬಿದ್ದಳು. ಊಟದ ಗಂಟೆ ಇನ್ನೂ ಹೊಡೆದಿರಲಿಲ್ಲ. ಮಲ್ಸುನ್ ಪಕ್ಕದ ಶೆಡ್ಡಿನಿಂದ ಹೊಸ ಪಟ್ಟಿಗಳ ತಟ್ಟೆ ತರುತ್ತಿದ್ದಳು. ಒಳಗೆ ಬಂದು ನೋಡಿದರೆ ಓವನ್ ಬಾಗಿಲು ತೆರೆದಿದೆ, ಓಕ್‌ಬುನ್ ಅದರೊಳಕ್ಕೆ ಮುಗ್ಗರಿಸಿದ್ದಾಳೆ, ಮೊಣಕೈವರೆಗೆ ಕೈ ಕಾದ ಕಬ್ಬಿಣದ ಹಲಗೆಯ ಮೇಲಿದೆ. ಅವಳಿಗೆ ಎಚ್ಚರವಿರಲಿಲ್ಲ. ಅಚ್ಚಿನ ಯಂತ್ರದಲ್ಲಿ ಕೆಲಸ ಮಾಡುವ ನೆಲ್ಲಿ ಓಡಿಬಂದಳು. ತಾಷ್ಕೆಂಟಿನಿಂದ ಬಂದ ಗಟ್ಟಿ ಹೆಂಗಸು ಅವಳು. ಇಬ್ಬರೂ ಸೇರಿ ಓಕ್‌ಬುನ್‌ಳನ್ನು ಹೊರಗೆಳೆದು ನಲ್ಲಿಯ ಕೆಳಗೆ ಮಲಗಿಸಿದರು.

ಮಾ ಬಂದ. ಮೊದಲು ಓವನ್ ಬಾಗಿಲು ಮುಚ್ಚಿದ. "ಎಷ್ಟೊತ್ತಿಂದ ತೆರೆದಿತ್ತು ಇದು?" ಎಂದು ಕೇಳಿದ.

ಆಂಬುಲೆನ್ಸ್ ಕರೆಯಲಿಲ್ಲ. ಕರೆದರೆ ದಾಖಲೆಯಾಗುತ್ತದೆ. ಸರಕು ಸಾಗಿಸುವ ವ್ಯಾನಿನಲ್ಲಿ, ಮುಚ್ಚಳದ ಪೆಟ್ಟಿಗೆಗಳ ನಡುವೆ ಅವಳನ್ನು ಮಲಗಿಸಿ ಕಳಿಸಿದರು.

ಓಕ್‌ಬುನ್ ಹೆಸರಿನಲ್ಲಿ ಹಾಕಿದ ಅರ್ಜಿಯ ಮೇಲೆ ಆಗಸ್ಟಿನಲ್ಲಿ ಪರಿಹಾರ ಕಚೇರಿಯಿಂದ ಅಧಿಕಾರಿಯೊಬ್ಬ ಬಂದ. ಕೆಲಸದ ಹೊತ್ತಿನಲ್ಲಿ ಬಿದ್ದದ್ದು ಹೌದೋ ಅಲ್ಲವೋ ನೋಡಿ ಹೋಗಲು ಬಂದಿದ್ದ. ಕೋಣೆಯ ಹೊಸ್ತಿಲು ದಾಟಲಿಲ್ಲ. ಅಲ್ಲಿಂದಲೇ ಕರ್ಚೀಫಿನಲ್ಲಿ ಹಣೆ ಒರೆಸಿಕೊಂಡ.

"ಈ ರೂಮಲ್ಲಿ ಯಾರು ಕೆಲಸ ಮಾಡ್ತಾರೆ?"

"ಯಾರೂ ಇಲ್ಲ ಸಾರ್," ಎಂದ ಮಾ. "ಎಲ್ಲಾ ತನ್ನಷ್ಟಕ್ಕೆ ಆಗುತ್ತೆ. ನೋಡಿ, ಕ್ಯಾಮೆರಾ ಇದೆ."

ಕ್ಯಾಮೆರಾ ಇತ್ತು. ಹಿಂದಿನ ದಿನ ತಂದು ಕೂರಿಸಿದ್ದರು. ಅದರ ವೈರು ಗೋಡೆಯ ಹಿಂದೆ ಹೋಗಿ ಅಲ್ಲೇ ನೇತಾಡುತ್ತಿತ್ತು.

"ಮತ್ತೆ ಆ ಹೆಂಗಸು ಯಾಕೆ ಒಳಗೆ ಹೋದ್ಲು?"

"ಮಳೆಗಾಲ ಅಲ್ವಾ ಸಾರ್. ಕಾಲುಚೀಲ ಒದ್ದೆಯಾಗಿತ್ತು. ಒಣಗಿಸ್ಕೊಳ್ಳೋಕೆ ಹೋಗಿದಾಳೆ. ಎಷ್ಟು ಸಲ ಹೇಳಿದ್ರೂ ಕೇಳಲ್ಲ ಇವರು."

ಅಧಿಕಾರಿ ಮಲ್ಸುನ್ ಕಡೆ ತಿರುಗಿದ. "ನಿಂದೇನಮ್ಮ ಕೆಲಸ?"

ಅವಳು ಬಾಯಿ ತೆರೆಯುವ ಮೊದಲೇ ಮಾ ಹೇಳಿದ, "ಕಸ ಗುಡಿಸೋಳು ಸಾರ್."

ಮಲ್ಸುನ್ ಕಾರಿನವರೆಗೂ ಅವನ ಹಿಂದೆ ಹೋದಳು. "ಸಾರ್, ಅವಳು ಕೆಲಸದ ಮೇಲೇ ಇದ್ಲು. ನಾನೂ ಜೊತೇಲಿದ್ದೆ." ಅಧಿಕಾರಿಗೆ ಆ ದಿನ ಇನ್ನೂ ಹಲವು ಕಾರ್ಖಾನೆ ನೋಡುವುದಿತ್ತು. "ಹೇಳೋದಿದ್ರೆ ಬರೆದು ಕೊಡಿ," ಎಂದು ಗಾಜು ಏರಿಸಿಕೊಂಡ. ಅವಳು ಬರೆದುಕೊಟ್ಟಳು. ಕಸ ಗುಡಿಸುವವಳಿಗೆ ಒಳಗಿನ ಕೆಲಸ ಹೇಗೆ ಗೊತ್ತು ಎಂದು ಅದನ್ನು ಬದಿಗಿಟ್ಟರು. ಸ್ವಂತ ಕೆಲಸಕ್ಕೆ ಹೋಗಿ ಮಾಡಿಕೊಂಡ ಗಾಯ, ಪರಿಹಾರವಿಲ್ಲ ಎಂದು ಉತ್ತರ ಬಂತು.

ಆಸ್ಪತ್ರೆಯಲ್ಲಿ ಓಕ್‌ಬುನ್‌ಳ ತೊಡೆಯ ಚರ್ಮ ತೆಗೆದು ಕೈಗೆ ಹಚ್ಚಿದ್ದರು. ಬೆರಳು ಮಡಿಚುತ್ತಿರಲಿಲ್ಲ. ಮಲ್ಸುನ್ ಅವಳ ಬಾಯಿಗೆ ಗಂಜಿ ಇಡುತ್ತ ಉತ್ತರ ಓದಿ ಹೇಳಿದಳು.

"ಕಾಲುಚೀಲನಾ?" ಎಂದಳು ಓಕ್‌ಬುನ್. "ಅಕ್ಕಾ, ಅವತ್ತು ನಾನು ಬರಿಗಾಲಿಗೆ ಚಪ್ಪಲಿ ಹಾಕ್ಕೊಂಡಿದ್ದೆ."

ಇಬ್ಬರೂ ನಕ್ಕರು. ನಕ್ಕಾಗ ಅವಳ ಕೈ ನೋಯಿತು. ಆಮೇಲೆ ಗಂಜಿ ಬೇಡವೆಂದಳು.

ಸೆಪ್ಟೆಂಬರಿನಲ್ಲಿ ಪೇಟೆಂಟ್ ಪರೀಕ್ಷಕ ಬರುವ ಸುದ್ದಿ ಬಂತು. ಕಳಿಸಿದ ಪರೀಕ್ಷೆಯ ವಿವರ ನೋಡಿ ಅವನಿಗೆ ಅನುಮಾನ ಬಂದಿತ್ತಂತೆ. ಪಟ್ಟಿಗಳು ಅಷ್ಟು ಕಡಿಮೆ ಬಾಗಲು ಸಾಧ್ಯವೇ, ನಾನೇ ಬಂದು ನೋಡುತ್ತೇನೆ ಎಂದಿದ್ದನಂತೆ. ಕಾರ್ಖಾನೆಗೆ ಹಬ್ಬದ ಕಳೆ ಬಂತು. ನೆಲ ಉಜ್ಜಿದರು. ಗೋಡೆಗೆ ಬಣ್ಣ ಹೊಡೆದರು. ಕ್ಯಾಮೆರಾ ಇಳಿಸಿದರು. ಮಲ್ಸುನ್‌ಗೂ ನೆಲ್ಲಿಗೂ ಬಿಳಿ ಕೋಟು ತೊಡಿಸಿ, ಎದೆಗೆ 'ಮಾಪನ ತಜ್ಞೆ' ಎಂಬ ಬಿಲ್ಲೆ ಸಿಕ್ಕಿಸಿದರು.

"ಹೋದ ತಿಂಗಳು ಕಸ ಗುಡಿಸ್ತಿದ್ದೆ," ಎಂದಳು ಮಲ್ಸುನ್. "ಇಷ್ಟು ಬೇಗ ಬಡ್ತಿ ಯಾರಿಗೆ ಸಿಗುತ್ತೆ?"

"ಸಂಬಳ?" ಎಂದಳು ನೆಲ್ಲಿ. ಅವಳ ಮಾತು ಯಾವಾಗಲೂ ಹೀಗೆ, ಒಂದೊಂದೇ.

"ಸಂಬಳ ಕಸದ್ದೇ."

ಪರೀಕ್ಷಕನ ಹೆಸರು ತಾಕ್. ಸಣ್ಣ ದನಿಯ, ದಪ್ಪ ಕನ್ನಡಕದ ಮನುಷ್ಯ. ಕೊಟ್ಟ ಐಸ್ ಕಾಫಿ ಮುಟ್ಟದೆ ಸೀದಾ ಕಾವಿನ ಕೋಣೆಗೆ ಬಂದ. ಕನ್ನಡಕ ತೆಗೆದು ಬೆವರು ಒರೆಸಿಕೊಂಡು ಮತ್ತೆ ಹಾಕಿಕೊಂಡ.

"ಗಂಟೆಗೊಂದು ಸಲ ಒಬ್ಬರು ಮುಖ ಹಾಕಿ ನೋಡ್ತಾರಾ? ಕ್ಯಾಮೆರಾ ಇಡಬಹುದಲ್ಲ."

"ಕ್ಯಾಮೆರಾನ ನಂಬೋಕಾಗಲ್ಲ ಸಾರ್," ಎಂದ ಮಾ. "ಮನುಷ್ಯರ ಕಣ್ಣೇ ಆಗಬೇಕು. ನಮ್ಮ ತಜ್ಞರು ಈ ಕೋಣೆ ಬಿಟ್ಟು ಕದಲಲ್ಲ."

ನೆಲ್ಲಿ ಮಲ್ಸುನ್‌ಳ ಮೊಣಕೈಗೆ ತಿವಿದಳು.

ತಾಕ್ ಕಾಗದ ತೆರೆದ. "ಜುಲೈ ಪರೀಕ್ಷೆನ ಬೆಳಿಗ್ಗೆಯಿಂದ ಸಂಜೆವರೆಗೂ ಒಬ್ಬರೇ ಅಳೆದಿದಾರೆ ಅಂತ ಬರೆದಿದೀರಿ. ಇವರೇನಾ?"

"ಅಲ್ಲ ಸಾರ್, ಅದು ಓಕ್‌ಬುನ್ ಅವರು. ಬಹಳ ನುರಿತವರು. ಈಗ ರಜೆ ಮೇಲಿದಾರೆ."

"ಅವರ ಹತ್ರ ಮಾತಾಡಬಹುದಾ?"

"ಊರಲ್ಲಿಲ್ಲ ಸಾರ್."

"ಊರಲ್ಲೇ ಇದಾಳೆ ಸಾರ್," ಎಂದಳು ಮಲ್ಸುನ್. ಮಾ ದುರುಗುಟ್ಟಿ ನೋಡಿದ. ಅವಳು ಓವನ್ ಕಡೆ ನೋಡುತ್ತ ಮುಂದುವರಿಸಿದಳು. "ಆಸ್ಪತ್ರೇಲಿದಾಳೆ. ಅವತ್ತೇ, ಇದರ ಮುಂದೇನೇ ಬಿದ್ಲು. ಊಟದ ಗಂಟೆಗೆ ಮುಂಚೇನೇ ಬಿದ್ಲು."

ತಾಕ್‌ನ ಬೆರಳು ಕಾಗದದ ಮೇಲೆ ಕೆಳಗಿಳಿಯುತ್ತಿದ್ದದ್ದು ನಿಂತಿತು. "ಸಂಜೆವರೆಗೂ ಅಳತೆ ಇದೆಯಲ್ಲ ಇಲ್ಲಿ."

ಮಾ ದೋಕ್‌ಸುವಿನ ಮುಖ ನೋಡುವಂತಿತ್ತು. ಓಕ್‌ಬುನ್ ಕೋಣೆಯಲ್ಲಿರಲಿಲ್ಲ ಎಂದರೆ ಪೇಟೆಂಟ್ ಹೋಗುತ್ತದೆ. ಇದ್ದಳು ಎಂದರೆ ಪರಿಹಾರ ಕಚೇರಿಗೆ ಹೇಳಿದ್ದು ಹೋಗುತ್ತದೆ. ಮನುಷ್ಯರೋ ಪ್ಲಾಸ್ಟಿಕ್ಕೋ ಎಂದು ಆರಿಸಿಕೊಳ್ಳಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಇದ್ದರು ಸಾರ್," ಎಂದ. "ಬೆಳಿಗ್ಗೆಯಿಂದ ಇದೇ ರೂಮಲ್ಲಿ ಕೆಲಸದ ಮೇಲಿದ್ದರು. ಕೊನೇ ಅಳತೆ ತಗೊಂಡು ಆಮೇಲೆ ಕಾವಿಗೆ ತಲೆ ಸುತ್ತಿ ಬಿದ್ದರು. ಅಷ್ಟು ಶ್ರದ್ಧೆ ಅವರಿಗೆ."

"ಕಾಲುಚೀಲ?" ಎಂದಳು ನೆಲ್ಲಿ.

"ಯಾವ ಕಾಲುಚೀಲ?" ಎಂದ ಮಾ.

ತಾಕ್ ಒಬ್ಬೊಬ್ಬರ ಮುಖವನ್ನೂ ನೋಡಿದ. "ನೋಡಿ, ನಾನು ಬಂದಿರೋದು ಪ್ಲಾಸ್ಟಿಕ್ಕಿನ ವಿಷಯಕ್ಕೆ. ಉಳಿದದ್ದು ನನ್ನ ವ್ಯಾಪ್ತಿಗೆ ಬರಲ್ಲ," ಎಂದ, ಸ್ವಲ್ಪ ಸಂಕೋಚದಿಂದಲೇ.

"ಗೊತ್ತು ಸಾರ್," ಎಂದಳು ಮಲ್ಸುನ್. "ಆದ್ರೆ ಮ್ಯಾನೇಜರು ಈಗ ಹೇಳಿದ್ದನ್ನ ಬರ್ಕೋತೀರಾ?"

"ಬರ್ಕೋಬೇಕು. ಅದಕ್ಕೆ ಅವರ ಸಹಿನೂ ಆಗಬೇಕು."

"ಅದು ನಮ್ಮಂಥೋರಿಗೆ ಸಿಗುತ್ತಾ?"

"ಅರ್ಜಿ ಪ್ರಕಟವಾಗಿದೆಯಲ್ಲ. ಕಡತ ಯಾರು ಬೇಕಾದ್ರೂ ತೆಗೆಸಿ ನೋಡಬಹುದು."

ಮಾ ಸಹಿ ಹಾಕಿದ. ಹಾಕದೆ ದಾರಿಯಿರಲಿಲ್ಲ. ತಾಕ್ ಹೋಗುವಾಗ, ಜುಲೈ ಅಳತೆಯನ್ನು ನಾನು ಒಪ್ಪುವುದಿಲ್ಲ, ಮುಂದಿನ ವಾರ ನನ್ನ ಮುಂದೆಯೇ ಮತ್ತೆ ಪರೀಕ್ಷೆ ಮಾಡಿ ಎಂದು ಹೇಳಿ ಹೋದ.

ಅವನ ಕಾರು ತಿರುವು ದಾಟುತ್ತಲೇ ಮಾ ಮಲ್ಸುನ್‌ಳ ಎದೆಯ ಬಿಲ್ಲೆ ಕಿತ್ತುಕೊಂಡ. "ನಾಳೆಯಿಂದ ಬರಬೇಡ."

ಅವಳು ಬಂದಳು. ಗೇಟಿನವನು ಒಳಗೆ ಬಿಡಲಿಲ್ಲ. ಗೇಟಿನ ಹೊರಗೆ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕುಳಿತಳು. ಮಾರನೆಯ ದಿನ ನೆಲ್ಲಿ ಬಂದು ಪಕ್ಕದಲ್ಲಿ ಕುಳಿತಳು. ಅಚ್ಚಿನ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದರು. ಕೆಲವರು ಊಟದ ಡಬ್ಬಿ ಬಿಚ್ಚಿ ಅಲ್ಲೇ ಹಂಚಿಕೊಂಡರು. ಕೆಲವರು ನೋಡಿಕೊಂಡು ಒಳಗೆ ಹೋದರು. ಅವರನ್ನು ಯಾರೂ ಹಂಗಿಸಲಿಲ್ಲ. ಅವರ ಮನೆಯ ಸಂಗತಿ ಎಲ್ಲರಿಗೂ ಗೊತ್ತಿತ್ತು.

ಕಾವಿನ ಕೋಣೆಗೆ ಹೋಗುವವರು ಯಾರೂ ಇರಲಿಲ್ಲ. ಕೆಲಸಗಾರರನ್ನು ಒದಗಿಸುವ ಏಜೆಂಟ್ ಇಬ್ಬರು ಹುಡುಗರನ್ನು ಕಳಿಸಿದ. ಅವರು ಬಾಗಿಲು ತೆರೆದು ನೋಡಿ, ಚಹಾ ಕುಡಿದು ಬರುತ್ತೇವೆ ಎಂದು ಹೋದವರು ಬರಲೇ ಇಲ್ಲ.

ಗಡುವು ಹತ್ತಿರ ಬಂದಾಗ ಮಾಲೀಕರೇ ಕಾರಿನಿಂದಿಳಿದರು. "ಏನಮ್ಮ ಮಲ್ಸುನಮ್ಮ, ಇಷ್ಟು ವರ್ಷ ಒಂದೇ ಮನೆಯವರ ಥರ ಇದ್ವಿ."

"ಹೌದು ಯಜಮಾನ್ರೇ. ಅದಕ್ಕೇ ಮನೆಯವರ ಒಂದು ಕೆಲಸ ಆಗಬೇಕು. ಓಕ್‌ಬುನ್ ಕೆಲಸ ಮಾಡ್ತಾ ಬಿದ್ಲು ಅಂತ ಸಹಿ ಹಾಕಿಕೊಡಿ. ನಿಮ್ಮ ಮ್ಯಾನೇಜರು ಆಗಲೇ ಹಾಕಿದಾರೆ. ಕಾವಿನ ಕೋಣೆ ಬಾಗಿಲು ತೆಗೆದಿಟ್ಟು ಹೊರಗೊಂದು ಫ್ಯಾನ್ ಇಡಿ. ನಾವು ಸರದಿ ಮೇಲೆ ಹೋಗ್ತೀವಿ."

ಮಾಲೀಕರು ಸಹಿ ಹಾಕಿದರು. ಓಕ್‌ಬುನ್‌ಗಾಗಿ ಅಲ್ಲ, ಪ್ಲಾಸ್ಟಿಕ್ಕಿಗಾಗಿ. ಮಲ್ಸುನ್ ಎರಡೂ ಸಹಿಗಳ ಪ್ರತಿಯನ್ನು ಪರಿಹಾರ ಕಚೇರಿಗೆ ಒಯ್ದು ಕೊಟ್ಟಳು. ಪೇಟೆಂಟ್ ಕಚೇರಿಯ ಕಾಗದ ಪ್ಲಾಸ್ಟಿಕ್ಕಿಗೆ ಸಂಬಂಧಪಟ್ಟದ್ದು, ಮನುಷ್ಯರ ವಿಷಯದಲ್ಲಿ ಅದನ್ನು ಒಪ್ಪಬಹುದೇ ಎಂದು ಮೇಲಿನವರನ್ನು ಕೇಳಬೇಕು ಎಂದು ಅಲ್ಲಿಯವರು ಹೇಳಿದರು. ಅವರು ಈಗಲೂ ಕೇಳುತ್ತಿದ್ದಾರೆ.

ಪರೀಕ್ಷೆಯ ದಿನ ತಾಕ್ ಬೆಳಿಗ್ಗೆಯೇ ಬಂದು ಪಟ್ಟಿಗಳನ್ನು ತನ್ನ ಕೈಯಾರೆ ಇಟ್ಟ. ಹೆಂಗಸರು ಸರದಿಯ ಮೇಲೆ ಹೋಗಿ ಅಳೆದರು, ಅವನು ಬೆನ್ನ ಹಿಂದೆ ನಿಂತು ಬರೆದುಕೊಂಡ. ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಪಟ್ಟಿಗಳು ಜೋಲು ಬಿದ್ದವು. ಹಳೆಯ ಮಿಶ್ರಣಕ್ಕಿಂತ ಒಂದು ಕೂದಲೂ ಮೇಲಲ್ಲ. ತಾಕ್ ಇನ್ನೂ ಅದನ್ನು ನೋಡಿರಲಿಲ್ಲ.

ಸುದ್ದಿ ತಿಳಿದು ಮಾ ಒಳಗೆ ಬಂದ. ಜೇಬಿನಿಂದ ಹೊಸ ಪಟ್ಟಿಗಳನ್ನು ತೆಗೆದ. ನೇರವಾಗಿ, ಹೊಳೆಯುತ್ತಿದ್ದವು.

"ಬೇಗ ಬದಲಾಯಿಸು. ಅವರು ವಾಪಸ್ ಬರೋದ್ರೊಳಗೆ."

ಮಲ್ಸುನ್ ಕೈ ಕಟ್ಟಿಕೊಂಡಳು. "ನಾನು ಹಾಕಲ್ಲ ಸಾರ್."

"ನಿನ್ನ ಓಕ್‌ಬುನ್‌ಗೆ ಸಹಿ ಹಾಕಿಕೊಟ್ಟಿಲ್ವಾ?"

"ಕೊಟ್ರಿ. ಅದು ನಿಜಕ್ಕೆ ಹಾಕಿದ್ದು."

"ನೆಲ್ಲಿ, ನೀನು ಹಾಕು."

"ಇಲ್ಲ," ಎಂದಳು ನೆಲ್ಲಿ.

ಬಾಗಿಲ ಹೊರಗೆ ಅಚ್ಚಿನ ಸಾಲಿನ ಹೆಂಗಸರು ಬಂದು ನಿಂತಿದ್ದರು. ಯಂತ್ರಗಳ ಸದ್ದು ನಿಂತಿದ್ದು ಮಾಗೆ ಆಗ ಗೊತ್ತಾಯಿತು. ಮಲ್ಸುನ್ ಓವನ್ ಬಾಗಿಲಿನ ಹಿಡಿಕೆ ಎಳೆದು ಪೂರ್ತಿ ತೆರೆದು, ಬದಿಗೆ ಸರಿದು ದಾರಿ ಬಿಟ್ಟಳು. ಕಾವು ಬಂದು ಮಾ ದೋಕ್‌ಸುವಿನ ಮುಖಕ್ಕೆ ಬಡಿಯಿತು. ಪಟ್ಟಿ ಹಿಡಿದ ಅವನ ಕೈ ಮುಂದೆ ಹೋಗಿ ಹಿಂದೆ ಬಂತು.

"ನೀವೇ ಹಾಕಿ ಸಾರ್," ಎಂದಳು ಮಲ್ಸುನ್. "ಅವಸರ ಇಲ್ಲ. ನಾವೆಲ್ಲಾ ಇಲ್ಲೇ ಇರ್ತೀವಿ."