ಜಡ್ಜಮ್ಮ ಕುಡಿಯದ ಕಾಫಿ

ಸಕಲೇಶಪುರದಲ್ಲಿ ಮೂವತ್ತು ವರ್ಷ ಕರಿಕೋಟು ಹಾಕಿದವನು ನಾನು, ವಕೀಲ ಕೃಷ್ಣಪ್ಪ. ನನ್ನ ಪಾಟೀಸವಾಲಿಗೆ ಸಾಕ್ಷಿಗಳು ನೀರು ಕೇಳುತ್ತಾರೆ ಅನ್ನುವ ಮಾತು ಊರಲ್ಲಿತ್ತು. ಹಬ್ಬಿಸಿದವನೂ ನಾನೇ. ಎರಡು ಸಾವಿರದ ಮೂರರಲ್ಲಿ ಸುಚಿತ್ರಾ ಅನ್ನುವ ಹೊಸ ಜಡ್ಜ್ ಬಂದರು. ವಯಸ್ಸು ನನ್ನ ಕರಿಕೋಟಿನ ವಯಸ್ಸಿಗಿಂತ ಸ್ವಲ್ಪ ಕಮ್ಮಿ. ನಾನು ಗುಡುಗಿದರೆ ಪೆನ್ನು ಕೆಳಗಿಡುತ್ತಿದ್ದರು. ಸಾಕ್ಷಿ ತೊದಲಿದರೆ ಸುಮ್ಮನೆ ಕಾಯುತ್ತಿದ್ದರು. ನನಗದು ಒಂಚೂರೂ ಹಿಡಿಸಲಿಲ್ಲ.

ಕೇಸು ಹೆಗ್ಗದ್ದೆ ಊರಿನದು. ನನ್ನ ಕಕ್ಷಿದಾರ ರವಿಚಂದ್ರ, ಎಸ್ಟೇಟ್ ಮಾಲೀಕ. ತೋಟದ ಹಿಂದಿನ ಒಂದೂವರೆ ಎಕರೆಯ ಹುಲಿಯಮ್ಮ, ತೋಟದೊಳಗಿನ ಕಾಲುದಾರಿಗೆ ಅವನು ಮುಳ್ಳುತಂತಿ ಬಿಗಿದ ಅಂತ ದಾವೆ ಹಾಕಿದ್ದಳು. ದಾರಿ ಸಿಗದಿದ್ದರೆ ಬಸ್ಸಿಗೂ ಆಸ್ಪತ್ರೆಗೂ ಅವಳು ಮೂರು ಮೈಲಿ ಸುತ್ತಬೇಕು. ಮಂಡಿ ಆಗಲೇ ಕೈಕೊಟ್ಟಿತ್ತು. ಅಲ್ಲಿ ದಾರಿ ಅನ್ನುವುದೇ ಎಂದೂ ಇರಲಿಲ್ಲ ಅಂತ ನಾನು ಮೇಜು ಕುಟ್ಟಿ ಹೇಳಿದೆ. ಅವಳ ವಕೀಲೆ ಚೈತ್ರಶ್ರೀ, ಮೊನ್ನೆಮೊನ್ನೆಯವರೆಗೆ ನನ್ನ ಆಫೀಸಿನಲ್ಲೇ ಕೆಲಸ ಕಲಿತವಳು, ಕಂಪ್ಯೂಟರಿನಲ್ಲಿ ಟೈಪಾದ ಎರಡು ಪುಟ ಕೊಟ್ಟು ಕೂತುಬಿಟ್ಟಳು. ಎರಡೇ ಪುಟ! ನನ್ನದು ಮೂವತ್ತೊಂದು.

"ನಾನೇ ಹೋಗಿ ನೋಡ್ತೀನಿ" ಅಂದರು ಜಡ್ಜ್.

ಹಿಂದೆಲ್ಲ ಇಂಥದ್ದಕ್ಕೆ ಕೋರ್ಟ್ ಕಮಿಷನರಾಗಿ ಹೋಗುತ್ತಿದ್ದವರು ನಮ್ಮಂಥ ವಕೀಲರು. ಎಸ್ಟೇಟ್ ಜೀಪಿನಲ್ಲಿ ಹೋಗಿ, ರೊಟ್ಟಿ ತಿಂದು, ಹೊಟ್ಟೆ ತಣ್ಣಗಾದ ಮೇಲೆ ನಕ್ಷೆ ಬರೆಯುತ್ತಿದ್ದೆವು. ಈಯಮ್ಮ ನೀರಿನ ಬಾಟಲಿಯನ್ನೂ ಮನೆಯಿಂದಲೇ ತಂದಿದ್ದರು. ಎರಡೂ ಕಡೆಯವರನ್ನು ಎಸ್ಟೇಟ್ ಮನೆಯ ಅಂಗಳದಲ್ಲಿ ನಿಲ್ಲಿಸಿಕೊಂಡು ನೋಡುತ್ತಿದ್ದಾಗ ರವಿಚಂದ್ರನ ತಾಯಿ ಗಂಗಾಮಣಿಯಮ್ಮ ಕಾಫಿ ಹಿಡಿದು ಬಂದರು. ಜಡ್ಜ್ ಕೈಮುಗಿದು ಬೇಡ ಅಂದರು.

ಕಾಫಿ ತೋಟದ ಅಂಗಳದಲ್ಲಿ ನಿಂತು ಕಾಫಿ ಬೇಡ ಅನ್ನುವುದೇ? ಮುದುಕಿಯ ಮುಖ ಚಿಕ್ಕದಾಯಿತು.

"ಯಾಕವ್ವ, ನಮ್ಮನೆ ಕಾಫಿ ಸೇರಕಿಲ್ವಾ?"

"ಸೇರುತ್ತಮ್ಮ. ಕೇಸು ಮುಗಿಯೋವರೆಗೂ ಒಂದು ಕಡೆಯವರ ಮನೇಲಿ ಕುಡಿಯೋ ಹಾಗಿಲ್ಲ."

"ಅಷ್ಟೇನಾ? ಎರಡೂ ಕಡೇದು ಕುಡುದ್ರೆ ಸಮ ಆಯ್ತದಲ್ಲ!" ಅಂದವರೇ ಹುಲಿಯಮ್ಮನ ಕಡೆ ತಿರುಗಿದರು. "ಏ ಹುಲಿಯಮ್ಮ, ನೀನೂ ಒಂದ್ ಲೋಟ ಕಾಸ್ಕಂಡ್ ಬಾರೇ. ಯಾವಾಗ್ಲೂ ಬರೋ ದಾರೀಲೇ ಬಾ, ಇವನ್ ತಂತಿ ಎತ್ತಿ ನುಸುಳು. ರೋಡ್ ಸುತ್ತುದ್ರೆ ಆರೋಗ್ತದೆ!"

ರವಿಚಂದ್ರ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಕಾಲು ಗಂಟೆಯೊಳಗೆ ಹುಲಿಯಮ್ಮ ಕುಂಟುತ್ತಾ, ಹಬೆಯಾಡುವ ಲೋಟ ಹಿಡಿದು ಬಂದಳು.

ಜಡ್ಜ್ ಅದನ್ನೂ ಕುಡಿಯಲಿಲ್ಲ. "ಇಲ್ಲಿ ಕೇಳಿಸಿದ್ದನ್ನ ಮನಸಲ್ಲಿಟ್ಕೊಂಡು ತೀರ್ಪು ಬರೆದ್ರೆ ನಿಮಗೆ ಅನ್ಯಾಯ ಸರ್" ಅಂದರು ನನಗೆ. "ರವಿಚಂದ್ರ ಅವರ ತಾಯಿ ಕೋರ್ಟಲ್ಲಿ ಪ್ರಮಾಣ ಮಾಡಿ ಹೇಳಲಿ. ನೀವು ಪ್ರಶ್ನೆ ಕೇಳಿ."

ಹುಡುಗಿಗೆ ಅನುಭವ ಸಾಲದು ಅಂದುಕೊಂಡೆ. ಹುಲಿಯಮ್ಮ ಗೆದ್ದಾಗಿದ್ದ ಕೇಸನ್ನು ತಂದು ನನ್ನ ಬಾಯಿಗೇ ಕೊಡುತ್ತಿದ್ದಾಳಲ್ಲ!

ಕಟಕಟೆಯಲ್ಲಿ ಗಂಗಾಮಣಿಯಮ್ಮ ದಾರಿ ಇತ್ತು ಅಂದರು. ನಾನು ಕೋಟು ಜಗ್ಗಿಕೊಂಡು ಎದ್ದೆ.

"ಅಮ್ಮಾ, ನಿಮಗೆ ಎಪ್ಪತ್ತೆಂಟು. ಕಣ್ಣು ಮಂಜು. ಯಾರು ಎಲ್ಲಿ ನಡೆದ್ರು ಅಂತ ನಿಮಗೆ ಹೇಗೆ ಗೊತ್ತು?"

"ಈಗ ಮಂಜು ಕಣಪ್ಪ. ಆವಾಗ ಚೆನ್ನಾಗೇ ಕಾಣ್ತಿತ್ತು. ಜೀಪಲ್ ಬಂದಾಗೆಲ್ಲ ನಮ್ಮನೇಲಿ ಉಂಡು, ಅದೇ ದಾರೀಲಿ ಹುಲಿಯಮ್ಮನ ಮನೆಗ್ ಹೋಗಿ ನೀನು ಹಲಸಿನಹಣ್ಣು ತಿಂದ್ ಬರ್ತಿರ್ಲಿಲ್ವಾ? ಒಂದ್ಸಲ ಪಂಚೆ ತುಂಬ ಮೇಣ ಮಾಡ್ಕಂಡ್ ಬಂದಿದ್ದೆ. ನಾನೇ ಎಣ್ಣೆ ಹಚ್ಚಿ ತೆಗುದ್ನಲ್ಲ ಮಾರಾಯ!"

ಕೋರ್ಟಿಗೆ ಕೋರ್ಟೇ ನಕ್ಕಿತು. ಚೈತ್ರಶ್ರೀ ಕಡತದ ಹಿಂದೆ ಮುಖ ಮುಚ್ಚಿಕೊಂಡಳು. ಜಡ್ಜ್ ಮಾತ್ರ ನಗಲಿಲ್ಲ. "ಸರ್, ಇನ್ನೇನಾದ್ರೂ ಕೇಳೋದಿದೆಯಾ?" ಅಂದರು, ಎಂದಿನ ಗೌರವದಲ್ಲೇ. ಆ ಗೌರವಕ್ಕೆ ನನಗೆ ನಿಜಕ್ಕೂ ನಾಚಿಕೆಯಾಯಿತು. ದಾರಿಯ ವಿಷಯ ಮರೆತಿದ್ದೆ ಅಂತ ನಾನು ಹೇಳಿದರೆ ನೀವು ನಂಬಬೇಡಿ.

"ಇಲ್ಲ" ಅಂದೆ. ಆಮೇಲೆ ಒಂದು ಲೋಟ ನೀರು ಕೇಳಿದೆ.

ತಿಂಗಳೊಳಗೆ ತೀರ್ಪು ಬಂತು, ತಂತಿ ಹೋಯಿತು. ಕೋರ್ಟಿನ ಮೆಟ್ಟಿಲ ಮೇಲೆ ಹುಲಿಯಮ್ಮ ಸಿಕ್ಕಳು. ಬೈಯುತ್ತಾಳೆ ಅಂದುಕೊಂಡು ತಲೆ ತಗ್ಗಿಸಿದೆ.

"ಹಲಸು ಹಣ್ಣಾಗೈತೆ, ಬನ್ನಿ ಸಾರ್" ಅಂದಳು. "ರೋಡ್ ಸುತ್ತಕ್ ಹೋಗ್ಬ್ಯಾಡಿ."