ಶವಪೆಟ್ಟಿಗೆಯ ಮೇಲಿನ ಜಡೆ

ಆರು ಜನ ಗುನ್ವೊರಳ ಶವಪೆಟ್ಟಿಗೆಯನ್ನು ಚರ್ಚಿನಿಂದ ಹೊರತರುವಾಗ ಗಂಡ ಎಂಬ್ರಿಕ್‌ನ ಕಣ್ಣೆಲ್ಲ ಅದರ ಮೇಲಿನ ಮಾಲೆಯ ಮೇಲಿತ್ತು. ಅಂಗಡಿಯ ಹೂವಲ್ಲ ಅದು. ಅವಳು ವರ್ಷವರ್ಷವೂ ನೋಡಲು ಹೋಗುತ್ತಿದ್ದ, ಕಾಡಿನ ಸೂಜಿಯೆಲೆಯ ಸ್ಪ್ರೂಸ್ ಮರದಿಂದ ನಿನ್ನೆ ತಾನೇ ಏಣಿ ಹಾಕಿ ಇಳಿಸಿದ ಕಲ್ಲುಹೂವು. ಕೊಂಬೆಗಳಿಂದ ಜೋತಾಡುವ ಮಾರುದ್ದದ ಬೂದುಹಸಿರು ಎಳೆಗಳು; ಊರವರ ಬಾಯಲ್ಲಿ ಕಾಡುಮೋಹಿನಿಯ ಜಡೆ. ಜೀವಮಾನವಿಡೀ ಹೆಂಡತಿಯನ್ನು ಗೇಲಿ ಮಾಡಿದವನು ಕೊನೆಗಾದರೂ ಒಂದು ಒಳ್ಳೆಯ ಕೆಲಸ ಮಾಡಿದೆನೆಂದು ಒಳಗೊಳಗೇ ಬೀಗುತ್ತಿದ್ದ.

"ಒಂದೆಳೆ ಬಿಡದೆ ಕಿತ್ಕೊಂಡು ಬಂದಿದೀಯಲ್ಲೋ!" ಎಂದ ಪಕ್ಕದ ಮನೆಯ ಆಸ್ಮುಂಡ್.

"ಅವಳಿಗಲ್ದೆ ಇನ್ಯಾರಿಗೋ ಅದು?"

ಗುನ್ವೊರಳ ಜೊತೆ ಕಾಡುಕಾಡು ಅಲೆದು ಕಲ್ಲುಹೂವು ಗುರುತಿಸುತ್ತಿದ್ದ ಗೆಳತಿ ರಾಗ್ನಿ ಮಾಲೆ ಕಂಡವಳೇ ಚರ್ಚಿನ ಮೆಟ್ಟಿಲ ಕಟಕಟೆ ಹಿಡಿದುಕೊಂಡಳು.

*

ಹಿಂದೊಮ್ಮೆ ಕಾಡಿನಿಂದ ಬಂದು ಒದ್ದೆ ಟೋಪಿಯನ್ನು ಒಲೆಯ ಬಳಿ ನೇತುಹಾಕುತ್ತ ಗುನ್ವೊರ್ ಹೇಳಿದ್ದಳು: "ಆ ಜಡೆ ಬೆರಳಗಲ ಬೆಳೆದಿದೆ, ಗೊತ್ತಾ?"

"ಮರದ ಗಡ್ಡಾನಾ? ಕ್ಷೌರ ಮಾಡಿಸೋಣ ಬಿಡು!" ಎಂದ ಎಂಬ್ರಿಕ್.

ಮನೆಗೆ ಬಂದಿದ್ದ ನೆಂಟರು ನಕ್ಕರು. ಅವಳೂ ನಕ್ಕಳು. "ಈ ಕಣಿವೇಲಿ ಉಳಿದಿರೋದೇ..." ಎಂದು ಏನೋ ಹೇಳಹೊರಟಳು. ಸ್ಕೀ ಪಂದ್ಯದ ಫಲಿತಾಂಶ ಬರುತ್ತಿತ್ತು. ಎಂಬ್ರಿಕ್ ರೇಡಿಯೊ ಜೋರು ಮಾಡಿದ.

*

ಮಣ್ಣು ಮಾಡಿ ಬಂದು ಎಲ್ಲರೂ ಕಾಫಿಗೆ ಕುಳಿತರು.

"ರಾಗ್ನಿ, ಮಾಲೆ ಅವಳಿಗೆ ಇಷ್ಟ ಆಗ್ತಿತ್ತು ಅಲ್ವಾ?" ಎಂದ ಎಂಬ್ರಿಕ್.

ರಾಗ್ನಿ ಸಕ್ಕರೆಯಿಲ್ಲದ ಕಾಫಿಯನ್ನು ಕಲಕುತ್ತಲೇ ಇದ್ದಳು. "ಬೇರೆ ಕಲ್ಲುಹೂವೆಲ್ಲಾನೂ ಒಂದೊಂದು ಚೂರು ಪೊಟ್ಟಣ ಕಟ್ಟಿ ತರ್ತಿದ್ಲು, ಎಂಬ್ರಿಕ್. ಇದನ್ನ ಮಾತ್ರ ಮುಟ್ಟಿದವಳಲ್ಲ. ಅಲ್ಲೇ ನೋಡಿ ಬರ್ಕೊಂಡು ಬರ್ತಿದ್ಲು."

"ಯಾಕೆ?"

"ಈ ಜಡೆ ಕಣಿವೇಲಿ ಉಳಿದಿದ್ದು ಅದೊಂದೇ ಮರದಲ್ಲಿ. ನಿಂಗೆ ಹೇಳಿರ್ಲಿಲ್ವಾ?"

"ಹೇಳಿದ್ಲು."

ಅವನ ಕಿವಿಗಳು ಕೆಂಪಾದವು. ಅಷ್ಟರಲ್ಲಿ ಯಾರೋ ಕೈಕುಲುಕಿ, ಇಂಥ ಮಾಲೆ ಎಲ್ಲೂ ಕಂಡಿಲ್ಲ ಎಂದರು. ಇನ್ನೊಬ್ಬರು ಬಂದು ಅದನ್ನೇ ಹೇಳಿದರು. ಭೂಮಿ ಬಾಯಿಬಿಡಬಾರದೇ ಎನಿಸಿತು ಎಂಬ್ರಿಕ್‌ಗೆ.

"ತಿರುಗಿ ಹಾಕಿದ್ರೆ ಬದುಕತ್ತಾ?" ಎಂದು ಮೆಲ್ಲಗೆ ಕೇಳಿದ.

"ಕೊಂಬೆಗೆ ಸಿಕ್ಕೊಂಡ್ರೆ, ಒಂದೊಂದ್ಸಲ."

ಅವನು ಹೊರಟ. ಹೆಂಡತಿಯ ಗೋರಿಯ ಹಸಿಮಣ್ಣಿನ ಮೇಲಿಂದ ಮಾಲೆ ಎತ್ತಿಕೊಳ್ಳುವಾಗ ಕಳ್ಳನ ಹಾಗೆ ಅತ್ತಿತ್ತ ನೋಡಿದ.

ಕಾಡಿನಲ್ಲಿ ಜಿಟಿಜಿಟಿ ಮಳೆ. ಏಣಿ ಇನ್ನೂ ಮರಕ್ಕೇ ಒರಗಿತ್ತು. ಶವಸಂಸ್ಕಾರದ ಸೂಟಿನಲ್ಲೇ ಮೇಲೇರಿ, ಎಳೆಗಳನ್ನು ಒಂದೊಂದಾಗಿ ಕೊಂಬೆಗಳ ಮೇಲೆ ಹಾಸಿದ. ಹಾಸಿದಂತೆಲ್ಲ ಜಾರಿದವು. ಕೊರಳ ಟೈ ಬಿಚ್ಚಿ ಒಂದು ಗೊಂಚಲನ್ನು ಕಟ್ಟಿದ. ಮತ್ತೊಂದು ಉದ್ದನೆಯ ಎಳೆ ಜಾರಿ ಬಂದು ಅವನ ತೋಳಿನ ಮೇಲೆ ನಿಂತಿತು. ಕೊಡವಲು ಧೈರ್ಯ ಬರಲಿಲ್ಲ. ಎಂಬ್ರಿಕ್ ತೋಳನ್ನು ಚಾಚಿಕೊಂಡೇ, ಅಲುಗಾಡದೆ, ಮಳೆಯಲ್ಲಿ ನಿಂತ.