ಗಂಜಿ ಬಿಟ್ಟ ಬಟ್ಟೆ

ಮಾನ್ವಿಯಿಂದ ರಾಯಚೂರಿನ ದವಾಖಾನೆಗೆ ಬರುವಾಗ ಅಕ್ಬರಿ ಬೇಗಂ ಗಂಟಿನಲ್ಲಿ ಏನೇನೋ ಕಟ್ಟಿಕೊಂಡಿದ್ದಳು. ಅಜವಾನ, ಬೆಲ್ಲ, ಸ್ಟೋವು, ಎರಡು ಸ್ಟೀಲಿನ ಡಬ್ಬಿ, ಹಣೆಗೆ ಸುತ್ತಲು ಹಳೆಯ ದುಪಟ್ಟಾ. ಮರೆತದ್ದು ಚಾದರ ಒಂದೇ. ಮಗಳು ಉಮ್ಮೇ ಕುಲ್ಸುಮ್ ಕಾಲು ಬಾತುಕೊಂಡು, ಕಬ್ಬಿಣದ ಮಂಚದ ಮೇಲೆ ಕರಿಯ ರಬ್ಬರ್ ಹಾಳೆಗೆ ಬೆನ್ನು ಅಂಟಿಸಿಕೊಂಡು ಮಲಗಿದ್ದಳು. ಬೆಳಿಗ್ಗೆ ಆಯಾ ಬಂದು, "ಹಾಸಾಕ ನಿಮ್ಮದ ಬಟ್ಟಿ ತರ್ರಿ ಬೇಗಮ್ಮ. ಇಲ್ಲಿವು ಎಲ್ಲಾ ಬಲಿ ಆಗ್ಯಾವ, ಮೀನ ಹಿಡೀಬೌದು," ಎಂದು ನಕ್ಕು ಹೋದಳು.

ಅಕ್ಬರಿ ಬೇಗಂಗೆ ನಗು ಬರಲಿಲ್ಲ. ಎದೆಯೊಳಗೆ ಯಾವುದೋ ಹಳೆಯ ಬಾಗಿಲು ತೆರೆದುಕೊಂಡಿತು.

ಅವಳ ತಂಗಿ ನೂರ್ ಬೀ ಸಿರವಾರದಲ್ಲಿ ಚೊಚ್ಚಲ ಹೆರಿಗೆಯಲ್ಲಿ ಹೋದವಳು. ಆಗ ಹಾಸಿದ್ದು ಹೊಸ ಚಾದರ. ಸಂತೆಯಲ್ಲಿ ತಂದದ್ದು, ಕಾಗದದ ಹಾಗೆ ಗರಿಗರಿ, ಮುಟ್ಟಿದರೆ ಸದ್ದು ಮಾಡುವಂಥದ್ದು. ರಕ್ತ ನಿಲ್ಲಲಿಲ್ಲ. ಚಾದರ ದಾಟಿ, ಗಾದಿ ದಾಟಿ, ನೆಲಕ್ಕಿಳಿಯಿತು. ಗಂಜಿ ಬಿಟ್ಟುಹೋದ ಆ ಬಟ್ಟೆ ಕಡೆಗೆ ಸೊಳ್ಳೆಪರದೆಯ ಹಾಗೆ ಉಳಿದಿತ್ತು. ದೇವದುರ್ಗದ ಸಂತೆಗಳಲ್ಲಿ ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತು ಮಾರುತ್ತಿದ್ದ ಅಪ್ಪ ಅಮೀರ್ ಸಾಬ್, ಮಗಳ ಹೆಣದ ಬದಿಗೆ ಕೂತು, ಅಳುವುದನ್ನೂ ಮರೆತು, ಕಸುಬಿನ ರೂಢಿಯಿಂದ ಆ ಚಾದರದ ಅಂಚನ್ನು ಬೆಳಕಿಗೆ ಹಿಡಿದಿದ್ದ. "ಎಳೀನ ಇಲ್ಲಲ್ಲ ಇದರಾಗ," ಎಂದಿದ್ದ. ಅಷ್ಟೇ. ಆಮೇಲೆ ಅವನು ಆ ಮಾತು ಎತ್ತಲಿಲ್ಲ. ಆದರೆ ಅಕ್ಬರಿಯ ತಲೆಯಲ್ಲಿ ಅದು ಬೇರೂರಿತು. ಎಳೆ ದಟ್ಟವಾಗಿದ್ದಿದ್ದರೆ ತಂಗಿಯ ಜೀವ ಸೋರಿಹೋಗುತ್ತಿರಲಿಲ್ಲ. ಇದು ಹುಚ್ಚು ಲೆಕ್ಕವೆಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಬಿಡಲಾಗಲಿಲ್ಲ.

ದವಾಖಾನೆಯ ಗೇಟಿನ ಎದುರು ಸಾಲು ಅಂಗಡಿಗಳು. ಹಣ್ಣಿನವನು, ಔಷಧದವನು, ಆಮೇಲೆ ಅಮರಪ್ಪನೆಂಬವನ ಬಟ್ಟೆ ಅಂಗಡಿ. ಬಿಸಿಲಿಗೆ ಕಣ್ಣು ಕೆಂಪಾಗಿ, ಬುರ್ಖಾದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅವಳು ಮೆಟ್ಟಿಲು ಹತ್ತಿದಳು.

"ಬಿಳಿ ಲಠ್ಠಾ ಬಟ್ಟಿ ಬೇಕ್ರಿ. ದವಾಖಾನಿಗೆ."

ಅಮರಪ್ಪ ಅಡಿಕೆ ಜಗಿಯುವುದನ್ನು ನಿಲ್ಲಿಸಿದ. "ಗಂಡಸಿಗೇನ್ರಿ, ಹೆಂಗಸಿಗೇನ್ರಿ?"

"ಹೆಂಗಸಿಗ್ರಿ. ನನ್ನ ಮಗಳು."

"ಬಾಣಂತನೇನ್ರಿ?"

"ಹೌದ್ರಿ. ಚೊಚ್ಚಲ."

ಅವನು ನಾಲಿಗೆಯಿಂದ ಚ್ಚು ಚ್ಚು ಎಂದ. "ಎಷ್ಟು ಬೇಕಾಗತದ ಅಂತ ನನಗ ಗೊತ್ತದ, ನೀವು ಕುಂದರ್ರಿ," ಎಂದು ಹಿಂದಿನ ಗೂಡಿನಿಂದ ಬಟ್ಟೆಯ ಒಂದು ಥಾನನ್ನು ಇಳಿಸಿದ. ಹರಡಿ ತೋರಿಸಲಿಲ್ಲ. ಗಜಕಡ್ಡಿಯಿಂದ ಅಳೆದು, ಅಂಚಿನಲ್ಲಿ ಹಲ್ಲು ಹಚ್ಚಿ, ಪರ್ರನೆ ಹರಿದ. ದರ ಇಳಿಸೆಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಅವನೇ, "ಇದಕ್ಕ ನಾನು ಲಾಭ ಹಿಡಿಯಂಗಿಲ್ಲರೀ ಯವ್ವಾ," ಎಂದ. ಅಂಗಡಿಯಲ್ಲಿ ಸೀರೆ ನೋಡುತ್ತಿದ್ದ ಹೆಂಗಸರು ಇವಳಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತರು. ಅವರಲ್ಲೊಬ್ಬಳು ಸೆರಗಿನಿಂದ ಮೂಗು ಒರೆಸಿಕೊಂಡಳು. ರಾಯಚೂರಿನ ಜನ ಇಷ್ಟು ಮರ್ಯಾದಸ್ಥರೆಂದು ಅಕ್ಬರಿ ಬೇಗಂಗೆ ತಿಳಿದಿರಲಿಲ್ಲ. ಆದರೂ ಬೆನ್ನಿನ ಮೇಲೆ ಯಾರೋ ತಣ್ಣನೆಯ ಕೈ ಇಟ್ಟಂತಾಗಿ, ಬಟ್ಟೆಯನ್ನು ಬಿಚ್ಚಿ ನೋಡುವ ಧೈರ್ಯವಾಗದೆ, ಗಂಟನ್ನು ಎದೆಗೆ ಅವುಚಿಕೊಂಡು ಇಳಿದಳು.

ದವಾಖಾನೆಯ ಅಂಗಳದ ಬೇವಿನ ಮರದ ಕೆಳಗೆ ರೋಗಿಗಳ ಕಡೆಯವರು ಮೂರು ಕಲ್ಲಿಟ್ಟು ಅಡಿಗೆ ಮಾಡುತ್ತಿದ್ದರು. ಅಲ್ಲಿ ಕೂತು, ಅಪ್ಪ ಹೇಳಿಕೊಟ್ಟಂತೆ ಬಟ್ಟೆಯನ್ನು ಪರೀಕ್ಷೆ ಮಾಡೋಣವೆಂದು ಅವಳು ಗಂಟು ಬಿಚ್ಚಿದಳು. ಮಡಿಕೆಯೊಳಗಿಂದ ಪೇಪರಿನ ಪೊಟ್ಟಣವೊಂದು ತೊಡೆಯ ಮೇಲೆ ಬಿದ್ದು ಒಡೆಯಿತು. ಕರ್ಪೂರ. ಒಂದು ಹಿಡಿ ಹತ್ತಿ. ಊದುಬತ್ತಿ.

ಅವಳು ಕೂತಲ್ಲೇ ಕಲ್ಲಾದಳು.

ಗಂಡಸಿಗೋ ಹೆಂಗಸಿಗೋ ಎಂದು ಅವನು ಕೇಳಿದ್ದು ಏಕೆಂದು ಈಗ ತಿಳಿಯಿತು. ಹೆಂಗಸಿನ ಹೆಣಕ್ಕೆ ಸುತ್ತುವ ಕಫನ್‌ಗೆ ಗಂಡಸಿನದಕ್ಕಿಂತ ಬಟ್ಟೆ ಹೆಚ್ಚು ಬೇಕು. ದವಾಖಾನೆಯಿಂದ ಕೆಂಪು ಕಣ್ಣು ಮಾಡಿಕೊಂಡು ಬಂದು ಬಿಳಿ ಬಟ್ಟೆ ಕೇಳುವ ಮುಸಲ್ಮಾನ ಹೆಂಗಸಿಗೆ ಅವನು ಬೇರೆ ಏನು ಕೊಟ್ಟಾನು? ಮಗಳು, ಬಾಣಂತನ, ಚೊಚ್ಚಲ ಎಂದು ತಾನೇ ಒಂದೊಂದಾಗಿ ಒಪ್ಪಿಕೊಂಡು ಬಂದಿದ್ದಳು. ಬದುಕಿರುವ ಮಗಳಿಗೆ ತಾಯಿಯೇ ಹೋಗಿ ಕಫನ್ ಹರಿಸಿಕೊಂಡು ಬಂದಂತಾಯಿತು.

"ಯಾಕ ಯವ್ವಾ, ಹಂಗ್ಯಾಕ ಬೆವತೀ?" ಎಂದಳು ಪಕ್ಕದ ಒಲೆಯ ಹೆಂಗಸು. ದೇವದುರ್ಗ ಕಡೆಯ ಹುಲಗೆಮ್ಮ. ಸೊಸೆಯನ್ನು ಹೆರಿಗೆಗೆ ತಂದವಳು, ಕೂಲಿಯಲ್ಲಿ ಜಡ್ಡುಗಟ್ಟಿದ ಅಂಗೈ, ಬಾಯಲ್ಲಿ ಸದಾ ತಂಬಾಕು. ಅಕ್ಬರಿ ಬೇಗಂ ಎಲ್ಲವನ್ನೂ ಬಾಚಿ ಕಟ್ಟಿ ಅಂಗಡಿಗೆ ಓಡಿದಳು.

"ನನ್ನ ಮಗಳು ಬದಕ್ಯಾಳ್ರಿ!" ಎಂದಳು ಮೆಟ್ಟಿಲಿನಿಂದಲೇ. "ಹಾಸಾಕ ಬಟ್ಟಿ ಕೇಳಿದ್ರ ಇದೇನ ಕೊಟ್ರಿ?"

ಅಮರಪ್ಪನ ಮುಖ ಬೂದಿಯಾಯಿತು. ಎರಡೂ ಕಿವಿ ಹಿಡಿದುಕೊಂಡ. "ತಪ್ಪಾತ್ರಿ ಯವ್ವಾ, ನನ್ನ ಬಾಯಾಗ ಮಣ್ಣ ಬೀಳ್ಲಿ. ಬರ್ರಿ, ಹಾಸಾಕ ಬೇಕಾದ್ದು ಒಯ್ರಿ, ದುಡ್ಡಿನ ಮಾತೇ ಬ್ಯಾಡ." ಆದರೆ ಅವಳು ಗಂಟನ್ನು ಮುಂದೆ ತಳ್ಳಿದಾಗ ಎರಡು ಹೆಜ್ಜೆ ಹಿಂದೆ ಸರಿದ. "ಅದನ್ನ ಮಾತ್ರ ಒಳಗ ತರಬ್ಯಾಡ್ರಿ. ಹೆಣದ ಬಟ್ಟಿ ಅಂತ ಹರದ ಮ್ಯಾಲ ತಿರುಗಿ ಗೂಡಿಗೆ ಇಡಂಗಿಲ್ಲ. ನಾನೂ ಮಕ್ಕಳ ತಂದಿ. ಯಾರಿಗರ ಕೊಟ್ಟುಬಿಡ್ರಿ."

ಯಾರಿಗೆ ಕೊಡುವುದು? ಯಾರ ಕೈಗಿಟ್ಟರೂ ನಿಮ್ಮ ಮನೆಯಲ್ಲಿ ಸಾವಾಗಲಿ ಎಂದು ಹರಸಿದಂತೆ. ಗಂಟು ಅವಳ ಕಂಕುಳಲ್ಲೇ ಉಳಿಯಿತು.

ಅಮರಪ್ಪ ನಾಲ್ಕಾರು ಥಾನುಗಳನ್ನು ಬಿಚ್ಚಿ ಹಾಸಿದ. "ಇದು ಅರವತ್ತು ನಂಬರ್ ನೂಲು, ನೋಡ್ರಿ ರೇಷ್ಮಿ ಇದ್ದಂಗ ಅದ."

"ನಂಬರ್ ಹೆಚ್ಚಾದಂಗ ನೂಲು ಸಣ್ಣ ಆಗತದ, ಎಳಿ ಹೆಚ್ಚ ಆಗಂಗಿಲ್ಲ," ಎಂದಳು ಅಕ್ಬರಿ ಬೇಗಂ. ಧ್ವನಿ ಅವಳದಲ್ಲ, ಅಪ್ಪನದು. "ಸಣ್ಣ ನೂಲು ಸಡಿಲಾಗಿ ನೇಯ್ದಿದ್ರ ಏನ್ ಮಾಡೋದ್ರಿ ನಂಬರ್ ಇಟಗೊಂಡು?"

ಬಟ್ಟೆಯನ್ನು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದಳು. ಬೆಳಕು ಚುಕ್ಕಿಚುಕ್ಕಿಯಾಗಿ ಸೋರಿತು, ಬೇಡವೆಂದಳು. ಇನ್ನೊಂದನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ತಿಕ್ಕಿದಳು. ಕರಿಯ ಬುರ್ಖಾದ ಮೇಲೆ ಹಿಟ್ಟಿನಂಥ ಗಂಜಿ ಉದುರಿತು; ಅದೂ ಬೇಡ. ಮೂರನೆಯದರ ಮೇಲೆ ಹೆಬ್ಬೆರಳಿನ ಉಗುರಿಟ್ಟು, ಉಗುರಗಲದಲ್ಲಿ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಎಂದು ಎಣಿಸತೊಡಗಿದಳು. ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ. ಮತ್ತೆ ತಪ್ಪಿತು. ಅಮರಪ್ಪ ಇನ್ನೊಂದು ಥಾನು ಇಳಿಸಿದ. ಹಾಸೂ ಹೊಕ್ಕೂ ಒಂದಕ್ಕೊಂದು ಒತ್ತಿಕೊಂಡು, ಉಗುರಿನಿಂದ ಸರಿಸಿದರೂ ಎಳೆ ಜರುಗದ, ಬೆಳಕಿಗೆ ಹಿಡಿದರೂ ಆಚೆಗೇನೂ ಕಾಣದ ಬಟ್ಟೆ ಕಡೆಗೂ ಸಿಕ್ಕಿತು. ಅದನ್ನು ಎರಡು ಚಾದರದಷ್ಟು ಕತ್ತರಿಯಿಂದ ಕತ್ತರಿಸಿ ಕೊಡೆಂದಳು. ಹರಿಯುವ ಸದ್ದು ಕೇಳುವ ಶಕ್ತಿ ಇರಲಿಲ್ಲ.

ವಾರ್ಡಿಗೆ ಬಂದು ರಬ್ಬರ್ ಹಾಳೆಯ ಮೇಲೆ ಅದನ್ನು ಬಿಗಿಯಾಗಿ ಹಾಸಿದಳು. ಮಗಳು ಮುಖ ಹಿಂಡಿ, ಸೊಂಟ ಹಿಡಿದುಕೊಂಡು ಮಲಗಿದಳು. "ಅಮ್ಮೀ, ಏನೋ ಕರ್ಪೂರದ ವಾಸನಿ?" ಎಂದಳು.

"ತಗಣಿಗೆ ಹಾಕ್ಯಾರ, ಸುಮ್ನ ಮಲಕೋ."

ಇನ್ನೊಂದು ಗಂಟು ಕಂಕುಳಲ್ಲಿ ಕೆಂಡದ ಹಾಗಿತ್ತು. ಮಂಚದ ಕೆಳಗಿಡಲು ಮನಸ್ಸಾಗಲಿಲ್ಲ, ಕಸದ ತೊಟ್ಟಿಗೆ ಎಸೆಯಲು ಕೈ ಬರಲಿಲ್ಲ. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಾಗ ಹುಲಗೆಮ್ಮ ತಡೆದಳು. "ಏನದ ಅದರಾಗ? ಹಾವು ಹಿಡಕೊಂಡಂಗ ಹಿಡಕೊಂಡೀಯಲ್ಲ."

ಅಕ್ಬರಿ ಬೇಗಂ ಹೇಳಿಬಿಟ್ಟಳು.

ಹುಲಗೆಮ್ಮ ತಂಬಾಕು ಉಗುಳಿ ಬಂದಳು. ಗಂಟನ್ನು ತಾನೇ ಬಿಚ್ಚಿ, ಅಂಚನ್ನು ಬೆರಳಿನಲ್ಲಿ ತಿಕ್ಕಿದಳು. "ಥೂ, ಸೊಸೈಟ್ಯಾಗ ಕೊಡೋ ಕಂಟ್ರೋಲ್ ಬಟ್ಟಿ. ಮಣ್ಣಾಗ ಹೋಗೋದಕ್ಕ ಎಳಿ ಯಾರು ಎಣಸ್ತಾರ? ಬರೇ ಗಂಜಿ. ಬಟ್ಟಿಗೇನ ಗೊತ್ತದ ಯವ್ವಾ ಯಾರಿಗೆ ಸುತ್ತತಾರಂತ? ಇಡಿಯಾಗಿದ್ರ ಹೆಣಕ್ಕ, ತುಂಡ ಮಾಡಿದ್ರ ಕೂಸಿಗೆ. ಕುದಿಸು, ಹರಿ."

"ಕೂಸು ಹುಟ್ಟೋಕ್ಕಿಂತ ಮೊದಲ ಅದರ ಬಟ್ಟಿ ಮಾಡಬಾರದಂತಾರಲ್ಲ."

"ನಿನಗ ಎಷ್ಟ್ ಅಂಜಿಕಿ ಅದಾವ? ಒಂದ ಹಿಡಕೋ, ಒಂದ ಬಿಡು!"

ಹುಲಗೆಮ್ಮನ ಅನ್ನದ ಪಾತ್ರೆಯಲ್ಲೇ ನೀರು ಕುದಿಯಿತು. ಬಟ್ಟೆ ಅದ್ದಿದ ಕೂಡಲೇ ನೀರು ಬೆಳ್ಳಗೆ ಮಂದವಾಯಿತು, ನುಚ್ಚಿನ ಗಂಜಿಯ ಹಾಗೆ. ಚೆಲ್ಲಿ ಮತ್ತೆ ಕುದಿಸಿದರು. ಗರಿಗರಿಯೆಲ್ಲ ಹೋಗಿ ಬಟ್ಟೆ ಜೋತುಬಿದ್ದಿತು. ಅಕ್ಬರಿ ಬೇಗಂ ಅದನ್ನು ಹಿಂಡಿ ಬೆಳಕಿಗೆ ಹಿಡಿದಳು. ಆ ಬದಿಯ ಬೇವಿನ ಎಲೆಗಳು ಎಣಿಸುವ ಹಾಗೆ ಕಂಡವು. ನೂರ್ ಬೀಯ ಕೆಳಗಿದ್ದ ಚಾದರ ಹೀಗೆಯೇ ಇತ್ತು. ಹುಲಗೆಮ್ಮ ಒಂದು ತುದಿ ಹಿಡಿದಳು, ಇವಳು ಇನ್ನೊಂದು. ಪ್ರತಿ ಸಲ ಹರಿದಾಗಲೂ ಅವಳು ಕಣ್ಣು ಮುಚ್ಚಿ ಬಿಸ್ಮಿಲ್ಲಾ ಎಂದಳು. ತುಂಡುಗಳನ್ನು ಕಾಂಪೌಂಡ್ ಗೋಡೆಯ ಮೇಲೆ ಹರವಿದರು. ರಾಯಚೂರಿನ ಬಿಸಿಲು ಅವನ್ನು ಒಣಗಿಸಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

ಅವನ್ನು ಮಡಚುತ್ತಿದ್ದಾಗಲೇ ಆಯಾ ಬಾಗಿಲಿನಿಂದ ಕೂಗಿದಳು: "ಮಾನ್ವಿ ಬೇಗಮ್ಮಾ, ಮಗಳನ್ನ ಒಳಗ ಒಯ್ದಾರ!"

ಹೆರಿಗೆ ಕೋಣೆಯ ಬಾಗಿಲಿಗೆ ಹಸಿರು ಪರದೆ. ಒಳಗಿನಿಂದ ಮಗಳ ಕೂಗು ಬಂದಾಗ ಭಯ, ಕೂಗು ನಿಂತಾಗ ಇನ್ನೂ ಭಯ. ಹೊತ್ತು ಹೋಯಿತು. ಬಳಿಕ ಬೆಕ್ಕು ಮುಲುಗಿದಂಥ ಸಣ್ಣ ದನಿ ಕೇಳಿಸಿ, ಹುಲಗೆಮ್ಮ, "ಆತು, ಆತು ಬಿಡು," ಎಂದು ಇವಳ ಬೆನ್ನಿಗೆ ಗುದ್ದಿದಳು. ಆದರೆ ನರ್ಸಮ್ಮ ಹೊರಬಂದಾಗ ಮುಖದಲ್ಲಿ ನಗುವಿರಲಿಲ್ಲ. ಕೈ ಮೊಣಕೈವರೆಗೆ ಕೆಂಪು.

"ಬಿಳಿ ಬಟ್ಟಿ ಅದ ಏನ್ರಿ? ಲಗು ಕೊಡ್ರಿ."

ಅಕ್ಬರಿ ಬೇಗಂನ ಕಿವಿಯಲ್ಲಿ ಭೋರೆಂದಿತು. ಬಿಳಿ ಬಟ್ಟೆ. ಯಾರಿಗೆ? ಕೈ ತಾನಾಗಿ ದಟ್ಟ ಎಳೆಯ ಎರಡನೆಯ ಚಾದರವನ್ನು ಮುಂದೆ ಚಾಚಿತು. ತಾನು ಎಣಿಸಿ ತಂದದ್ದು, ಬೆಳಕು ಸೋರದ್ದು, ಜೀವ ಹಿಡಿಯುವಂಥದ್ದು.

ನರ್ಸಮ್ಮ ಅದನ್ನು ಮುಟ್ಟಿ ತಳ್ಳಿದಳು. "ಇದು ಹೊಸಾದು, ಗೋಣಿತಟ್ಟು ಇದ್ದಂಗ ಅದ, ಹನಿ ಕುಡಿಯಂಗಿಲ್ಲ. ಮೆತ್ತಂದು, ತೊಳದದ್ದು ಇಲ್ಲೇನು? ರಕ್ತ ಹೊಂಟದ, ಹತ್ತಿ ತೀರ್ಯದ ಇಲ್ಲಿ!"

ರಕ್ತ ಎಂಬ ಮಾತು ಕೇಳಿದ ಮೇಲೆ ಅವಳಿಗೆ ಏನೂ ಕಾಣಲಿಲ್ಲ. ಹುಲಗೆಮ್ಮನೇ ಅವಳ ಮಡಿಲಿನಿಂದ ತುಂಡುಗಳ ಗಂಟನ್ನು ಕಿತ್ತು ಕೊಟ್ಟಳು. ನರ್ಸಮ್ಮ ಹಿಡಿಹಿಡಿಯಾಗಿ ತೆಗೆದುಕೊಂಡು ಒಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ಆಯಾ ಬಂದು ಉಳಿದವನ್ನೂ ಒಯ್ದಳು. ತನ್ನ ಮಗಳಿಗಾಗಿ ಹರಿದ ಕಫನ್ ಇಡಿಯಾಗಿ ಆ ಪರದೆಯ ಆಚೆ ಹೋಯಿತು. ಇನ್ನು ಈಚೆಗೆ ಏನು ಬರುತ್ತದೋ. ಅಕ್ಬರಿ ಬೇಗಂ ಗೋಡೆಗೊರಗಿ ಕೆಳಗೆ ಜಾರಿದಳು. ತಿರಸ್ಕರಿಸಿದ ಚಾದರದ ಮೇಲೆ ಹೆಬ್ಬೆರಳಿಟ್ಟು ಎಳೆ ಎಣಿಸುತ್ತ ಕೂತಳು. ಎಣಿಕೆ ನಿಂತರೆ ಒಳಗೆ ಉಸಿರೂ ನಿಲ್ಲುತ್ತದೆಂಬ ಹೆದರಿಕೆ.

ಬಿಸಿಲು ಬಾಗಿಲು ಬಿಟ್ಟು ಗೋಡೆಗೇರಿದ ಮೇಲೆ ಪರದೆ ಸರಿಯಿತು. ಆಯಾ ಒಂದು ಬಕೆಟ್ ಎತ್ತಿಕೊಂಡು ಹೋದಳು. ಅದರೊಳಗೆ ಏನಿತ್ತೆಂದು ಅಕ್ಬರಿ ಬೇಗಂ ನೋಡಲಿಲ್ಲ. ಹಿಂದೆಯೇ ನರ್ಸಮ್ಮ. "ರಕ್ತ ನಿಂತದರೀ. ಕುಡಿಯೋ ಬಟ್ಟಿ ಇದ್ವು, ಛಲೋ ಆತು. ಕೂಸು ಹೆಣ್ಣು. ಹೋಗ್ರಿ, ನೋಡ್ರಿ, ಅಳಬ್ಯಾಡ್ರಿ ಅಲ್ಲಿ."

ಉಮ್ಮೇ ಕುಲ್ಸುಮಳನ್ನು ಮತ್ತೆ ವಾರ್ಡಿನ ಮಂಚಕ್ಕೆ ತಂದು ಮಲಗಿಸಿದ್ದರು. ತುಟಿ ಸುಣ್ಣದ ಬಣ್ಣ. ಬದಿಯಲ್ಲಿ ಕಫನಿನ ಕಡೆಯ ತುಂಡಿನಲ್ಲಿ ಸುತ್ತಿದ ಕೂಸು, ಕೆಂಪಗೆ, ಮುಷ್ಟಿ ಬಿಗಿದು. ಅಕ್ಬರಿ ಬೇಗಂ ಮಗಳ ಮೂಗಿನ ಹತ್ತಿರ ಬೆರಳು ಹಿಡಿದಳು. ಬಿಸಿ ಗಾಳಿ ತಾಗಿತು. ಸಾಲದೆ ಮತ್ತೊಮ್ಮೆ ಹಿಡಿದಳು.

ಮಗಳು ಕಣ್ಣು ತೆರೆದಳು. "ಅಮ್ಮೀ, ಎಲ್ಲಿಂದ ತಂದೀ ಈ ಚಾದರ? ಗೋಣಿಚೀಲ ಇದ್ದಂಗ ಅದ. ಬೆನ್ನೆಲ್ಲಾ ಚುಚ್ಚಾಕತ್ತದ."

"ಎಳಿ ದಟ್ಟ ಅದ ಬೇಟಾ, ಅದಕ."

"ದಟ್ಟ ಇದ್ರೇನು, ಒಂದ ಸಲ ನೀರಾಗ ಹಾಕಿ ತರಬಾರದಾ?"

"ತಡಿ, ಕುದಿಸಿ ತರತೀನಿ," ಎಂದಳು ಅಕ್ಬರಿ ಬೇಗಂ. ಹೊರಡಲು ತಿರುಗಿದಳು. ಆದರೆ ಎರಡೂ ಕೈಯಿಂದ ಮಂಚದ ಕಬ್ಬಿಣವನ್ನು ಹಿಡಿದು, ಆ ಚುಚ್ಚುವ ಚಾದರದ ಅಂಚಿನ ಮೇಲೆಯೇ ಕುಸಿದು ಕೂತಳು.